ಮಧ್ಯಾಹ್ನ ಕೋಣೆಗೆ ವಾಪಸ್ಸು ಬನ್ನಿ

ನವೆಂಬರ್ ಬಂತೆಂದರೆ ಮೈಸೂರು ಪ್ರವಾಸದ ಯೋಜನೆ ಮಾಡಿಕೊಡಿ ಎಂದು ನನ್ನ ಬಳಿ ಬರುವ ದಂಪತಿಗಳಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಪಟ್ಟಿ ಇದ್ದೇ ಇರುತ್ತದೆ. ಅರಮನೆ, ಮೃಗಾಲಯ, ಚಾಮುಂಡಿ ಬೆಟ್ಟ, ಸಂತ ಫಿಲೋಮಿನಾ ಚರ್ಚ್, ಕಾರಂಜಿ ಕೆರೆ, ಶ್ರೀರಂಗಪಟ್ಟಣ, ಸಂಜೆಗೆ ಬೃಂದಾವನ. ಇರುವುದು ಎರಡು ದಿನ. ಪಟ್ಟಿಯನ್ನು ನನ್ನ ಮುಂದಿಟ್ಟು, 'ಮೇಡಂ, ನಮಗೆ ಓಡಾಟ ಬೇಡ, ಮಳೆ ಚಳಿಯಲ್ಲಿ ಬೆಚ್ಚಗೆ ಇಬ್ಬರೇ ಇದ್ದು ಬರಬೇಕು' ಎನ್ನುತ್ತಾರೆ. ಈ ಎರಡು ಮಾತುಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಅವರ ಗಮನಕ್ಕೇ ಬಂದಿರುವುದಿಲ್ಲ.

ಪಟ್ಟಿ ಕತ್ತರಿಸುವುದು ಅಷ್ಟು ಕಷ್ಟವಲ್ಲ. ವಿವರಿಸಿ ಹೇಳಿದರೆ ಶ್ರೀರಂಗಪಟ್ಟಣವನ್ನು ಬಿಡುತ್ತಾರೆ, ಬೃಂದಾವನವನ್ನೂ ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತಾರೆ. ಎಷ್ಟು ಹೇಳಿದರೂ ಒಪ್ಪದಿರುವುದು ಒಂದೇ ಮಾತನ್ನು. ಮಧ್ಯಾಹ್ನ ಊಟ ಮುಗಿಸಿ ಕೋಣೆಗೆ ವಾಪಸ್ಸು ಬನ್ನಿ, ಮೂರು ಗಂಟೆ ಅಲ್ಲೇ ಇರಿ, ಸಂಜೆ ಮತ್ತೆ ಹೊರಡಿ ಎಂದರೆ ಹಣ ಕಳೆದುಕೊಂಡವರಂತೆ ನನ್ನ ಮುಖ ನೋಡುತ್ತಾರೆ. 'ಅಷ್ಟು ದೂರದಿಂದ ಬಂದು ಹಗಲು ಹೊತ್ತಿನಲ್ಲಿ ರೂಮಿನಲ್ಲಿ ಕೂರುವುದೇ?' ಎಂಬ ಪ್ರಶ್ನೆ ಬರುತ್ತದೆ. ಹೌದು, ಅದಕ್ಕಾಗಿಯೇ ನೀವು ಬರುತ್ತಿರುವುದು. ಬೆಚ್ಚಗಿರುವುದಕ್ಕೆ ಬೇರೆ ಜಾಗ ಎಲ್ಲಿದೆ?

ಕಾರಣವನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ಮೈಸೂರಿನ ಚಳಿಗಾಲದ ಮಳೆಯ ಸ್ವಭಾವವೇ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ಬರುವುದು ಗುಡುಗು ಸಿಡಿಲಿನ ಮಳೆ. ಸಂಜೆ ಒಂದು ಗಂಟೆ ಹೊಡೆದು ನಿಲ್ಲುತ್ತದೆ, ಅಂಗಡಿಯ ಮುಂದೆ ನಿಂತು ಕಾದರೆ ಮುಗಿಯಿತು. ನವೆಂಬರ್, ಡಿಸೆಂಬರ್‌ನಲ್ಲಿ ಬರುವುದು ಬಂಗಾಳ ಕೊಲ್ಲಿಯ ವಾಯುಭಾರ ಕುಸಿತದ ಮಳೆ. ಚೆನ್ನೈ ಕಡೆ ಚಂಡಮಾರುತ ಎಂದು ಸುದ್ದಿಯಾದರೆ ಅದರ ಅಂಚಿನ ಮೋಡ ನಮ್ಮ ಮೇಲೂ ಹರಡಿಕೊಳ್ಳುತ್ತದೆ. ಸೂರ್ಯ ಕಾಣುವುದಿಲ್ಲ, ಜಿಟಿಜಿಟಿ ಸೋನೆ ನಿಲ್ಲುವುದಿಲ್ಲ, ಎರಡು ಮೂರು ದಿನ ಹಾಗೆಯೇ ಹಿಡಿದುಕೊಳ್ಳುವುದೂ ಉಂಟು. ಈ ಮಳೆಯಲ್ಲಿ ಯಾರೂ ತೊಪ್ಪೆಯಾಗುವುದಿಲ್ಲ, ಆದ್ದರಿಂದಲೇ ಯಾರೂ ಹುಷಾರಾಗಿರುವುದಿಲ್ಲ. ಪ್ಯಾಂಟಿನ ಅಂಚು, ಸೀರೆಯ ನೆರಿಗೆ, ಕಾಲುಚೀಲ, ತೋಳು, ಹೀಗೆ ಸ್ವಲ್ಪ ಸ್ವಲ್ಪವೇ ನೆನೆಯುತ್ತಾ ಹೋಗುತ್ತದೆ. ಬಿಸಿಲಿಲ್ಲದ್ದರಿಂದ ಒಣಗುವುದಿಲ್ಲ. ಒದ್ದೆ ಬಟ್ಟೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಹೊರಟವರಿಗೆ ಮಧ್ಯಾಹ್ನ ಮೂರರ ಹೊತ್ತಿಗೆ ಚಳಿ ಶುರುವಾಗುತ್ತದೆ. ಅದು ಚಳಿ ಎಂದು ಅವರಿಗೆ ಗೊತ್ತಾಗುವುದಿಲ್ಲ. ಆಟೋದವರ ಮೇಲೆ, ಹೋಟೆಲಿನ ಮಾಣಿಯ ಮೇಲೆ, ಕೊನೆಗೆ ಒಬ್ಬರ ಮೇಲೊಬ್ಬರು ರೇಗುತ್ತಾರೆ. ಪ್ರವಾಸದಲ್ಲಿ ಗಂಡ ಹೆಂಡತಿ ಜಗಳವಾಡಿದ್ದನ್ನು ನನ್ನ ಬಳಿ ಹೇಳಿಕೊಂಡವರನ್ನು ನಾನು ಕೇಳುವ ಮೊದಲ ಪ್ರಶ್ನೆ, 'ಎಷ್ಟು ಗಂಟೆಗೆ? ಆಗ ಕಾಲು ಒದ್ದೆಯಿತ್ತೇ?' ಉತ್ತರ ಹೆಚ್ಚುಕಡಿಮೆ ಒಂದೇ ಬಗೆಯದಾಗಿರುತ್ತದೆ.

ಇನ್ನೊಂದು ಆಕ್ಷೇಪವನ್ನೂ ಕೇಳುತ್ತೇನೆ. ಚಳಿಗಾಲದಲ್ಲಿ ಹಗಲು ಚಿಕ್ಕದು, ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ಮೋಡವಿದ್ದರೆ ಐದೂವರೆಗೇ ಕತ್ತಲು. ಇರುವ ಬೆಳಕನ್ನೂ ಮಲಗಿ ಕಳೆಯಬೇಕೇ ಎಂದು. ಬಿಸಿಲಿರುವ ಚಳಿಗಾಲಕ್ಕೆ ಈ ವಾದ ಸರಿ. ಜನವರಿಯಲ್ಲಿ ಆಕಾಶ ಶುಭ್ರವಾಗಿದ್ದಾಗ ಮಧ್ಯಾಹ್ನ ಹಿತವಾದ ಬಿಸಿಲು, ರಾತ್ರಿ ಕೊರೆಯುವ ಚಳಿ. ಆಗ ಮಧ್ಯಾಹ್ನ ಹೊರಗಿದ್ದು ಸಂಜೆ ಒಳಗೆ ಸೇರುವುದೇ ಜಾಣತನ. ಮೋಡ ಮುಚ್ಚಿದ ದಿನಗಳಲ್ಲಿ ಲೆಕ್ಕ ತಿರುಗುಮುರುಗಾಗುತ್ತದೆ. ಹಗಲಿನಲ್ಲಿ ಮೋಡ ಬಿಸಿಲನ್ನು ತಡೆಯುತ್ತದೆ, ರಾತ್ರಿ ಅದೇ ಮೋಡ ನೆಲದ ಬಿಸಿಯನ್ನು ಮೇಲಕ್ಕೆ ಹೋಗಗೊಡುವುದಿಲ್ಲ. ಮಧ್ಯಾಹ್ನ ಮೂರಕ್ಕೂ ರಾತ್ರಿ ಎಂಟಕ್ಕೂ ಚಳಿಯಲ್ಲಿ ದೊಡ್ಡ ಅಂತರ ಉಳಿಯುವುದಿಲ್ಲ. ಒಣ ಬಟ್ಟೆ ಹಾಕಿಕೊಂಡು ಸಂಜೆ ಐದಕ್ಕೆ ಹೊರಟರೆ ನೀವು ಕಳೆದುಕೊಳ್ಳುವುದು ಏನೂ ಇಲ್ಲ. ಮೇಲಾಗಿ, ಮಳೆಯ ದಿನ ಈ ಊರು ಚೆಂದ ಕಾಣುವುದು ದೀಪ ಹತ್ತಿದ ಮೇಲೆಯೇ. ಸಯ್ಯಾಜಿರಾವ್ ರಸ್ತೆಯಲ್ಲಿ ಅಂಗಡಿಗಳ ಬೆಳಕು ಒದ್ದೆ ರಸ್ತೆಯ ಮೇಲೆ ಬಿದ್ದಿರುತ್ತದೆ, ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಲ್ಲಿಗೆ, ಸೇವಂತಿಗೆ, ಮರುಗ ಎಲ್ಲವೂ ತೇವಕ್ಕೆ ಇನ್ನಷ್ಟು ಘಮಘಮಿಸುತ್ತವೆ. ಅಲ್ಲಿನ ನೆಲ ಜಾರುತ್ತದೆ, ನೋಡಿಕೊಂಡು ನಡೆಯಿರಿ.

ಈ ಒಂದು ಮಾತನ್ನು ಒಪ್ಪಿದಿರಾದರೆ ಉಳಿದದ್ದೆಲ್ಲ ತಾನಾಗಿ ನಿರ್ಧಾರವಾಗುತ್ತದೆ. ಮೊದಲನೆಯದು, ಎಲ್ಲಿ ಇಳಿದುಕೊಳ್ಳಬೇಕೆಂಬುದು. ಮಧ್ಯಾಹ್ನ ವಾಪಸ್ಸು ಬರಬೇಕಾದರೆ ಕೋಣೆ ಊರ ಒಳಗೇ ಇರಬೇಕು. ಕೃಷ್ಣರಾಜ ವೃತ್ತ, ರೈಲು ನಿಲ್ದಾಣ, ನಜರ್‌ಬಾದ್, ಯಾದವಗಿರಿ, ಈ ಸುತ್ತಿನಲ್ಲಿ ಎಲ್ಲಾದರೂ ಆಗಬಹುದು. ಊರ ಹೊರಗಿನ ರೆಸಾರ್ಟಿನ ಚಿತ್ರ ತೋರಿಸಿ 'ಇದು ಎಷ್ಟು ಚೆನ್ನಾಗಿದೆ ನೋಡಿ' ಎನ್ನುವವರಿಗೆ ನಾನು ಹೇಳುವುದಿಷ್ಟು: ಅಲ್ಲಿಗೆ ಹೋಗುವುದಾದರೆ ಅಲ್ಲಿಯೇ ಇರಿ, ಊರು ನೋಡುವ ಆಸೆ ಬಿಡಿ. ಅದೂ ಒಳ್ಳೆಯ ರಜೆಯೇ. ಅಲ್ಲಿ ಮಲಗಿ ಇಲ್ಲಿ ಓಡಾಡುತ್ತೇನೆ ಎಂದರೆ ಮಾತ್ರ ನಿಮ್ಮ ಎರಡು ದಿನದ ದೊಡ್ಡ ಪಾಲು ಕಾರಿನ ಗಾಜು ಒರೆಸುವುದರಲ್ಲಿ ಹೋಗುತ್ತದೆ.

ಕೋಣೆ ಕಾಯ್ದಿರಿಸುವಾಗ ಜನ ಟಿವಿ, ಎಸಿ ಎಂದು ಕೇಳುತ್ತಾರೆ. ಚಳಿಗಾಲದ ಮಳೆಗೆ ಕೇಳಬೇಕಾದದ್ದು ಬೇರೆ. ಬಿಸಿನೀರು ಸೋಲಾರಿನದೋ, ಗೀಸರಿನದೋ? ಬರೀ ಸೋಲಾರ್ ಆಗಿದ್ದರೆ ಎರಡು ದಿನ ಬಿಸಿಲಿಲ್ಲದಾಗ ನಲ್ಲಿಯಲ್ಲಿ ಬರುವುದು ಉಗುರುಬೆಚ್ಚಗಿನ ನೀರೂ ಅಲ್ಲ. ಒಂದು ಲಾಡ್ಜಿನಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಸಿನೀರು ಎಂದು ನನಗೆ ಮಾತು ಕೊಟ್ಟು, ನಾನು ಕಳಿಸಿದ ಹೊಸ ಜೋಡಿಗೆ ಬಕೆಟ್ಟಿನಲ್ಲಿ ತಣ್ಣೀರು ಕೊಟ್ಟರು. ಅಂದಿನಿಂದ ಈ ಪ್ರಶ್ನೆಯನ್ನು ಬಿಡಿಸಿಯೇ ಕೇಳುತ್ತೇನೆ. ಕಿಟಕಿಗೆ ಸಜ್ಜಾ ಇದೆಯೇ? ಇದ್ದರೆ ಮಳೆಯಲ್ಲೂ ಕಿಟಕಿ ತೆರೆದಿಟ್ಟು ಕೂರಬಹುದು, ಇಲ್ಲದಿದ್ದರೆ ಮುಚ್ಚಿದ ಕೋಣೆಯಲ್ಲಿ ಒದ್ದೆ ಬಟ್ಟೆಯ ಮುಗ್ಗಲು ವಾಸನೆ. ಸೀಲಿಂಗ್ ಫ್ಯಾನ್ ಇದೆಯೇ, ಬಟ್ಟೆ ಹರವಲು ಜಾಗವಿದೆಯೇ? ಇನ್ನೊಂದು ಹೊದಿಕೆ ಕೊಡುತ್ತಾರೆಯೇ? ಆಸ್ತಮಾ ಇರುವವರು ಕಾರ್ಪೆಟ್ ಹಾಸಿದ ಕೋಣೆ ಬೇಡ ಎಂದು ಮೊದಲೇ ಹೇಳಿಬಿಡಿ, ತೇವದಲ್ಲಿ ಅದು ಒಳ್ಳೆಯದಲ್ಲ. ನಿಮ್ಮ ಔಷಧ ಕೈಚೀಲದಲ್ಲೇ ಇರಲಿ.

ನೋಡುವ ಜಾಗ ಬೆಳಿಗ್ಗೆಗೆ ಒಂದು ಸಾಕು. ಮಳೆಯ ದಿನಕ್ಕೆ ನನ್ನ ಆಯ್ಕೆ ಜಗನ್ಮೋಹನ ಅರಮನೆ. 1861ರಲ್ಲಿ ಕಟ್ಟಿದ್ದು, 1915ರಿಂದ ಚಿತ್ರಶಾಲೆ. ದೊಡ್ಡ ಅರಮನೆಯಿಂದ ಕೆಲವೇ ನಿಮಿಷದ ನಡಿಗೆಯಾದರೂ ಅಲ್ಲಿನ ನೂಕುನುಗ್ಗಲು ಇಲ್ಲಿರುವುದಿಲ್ಲ. ರವಿವರ್ಮನ ಚಿತ್ರಗಳಿವೆ. ದೀಪ ಹಿಡಿದು ನಿಂತ ಹೆಣ್ಣುಮಗಳ ಪ್ರಸಿದ್ಧ ಚಿತ್ರ ಇಲ್ಲಿಯದೇ. ಬಹಳ ಜನ ಅದನ್ನೂ ರವಿವರ್ಮನದೆಂದುಕೊಳ್ಳುತ್ತಾರೆ, ಬರೆದವರು ಎಸ್. ಎಲ್. ಹಲ್ದಣಕರ್, ಜಲವರ್ಣದಲ್ಲಿ. ಹತ್ತು ನಿಮಿಷ ಅದರ ಮುಂದೆ ಇಬ್ಬರೂ ನಿಲ್ಲಿ. ಬೆರಳುಗಳ ನಡುವಿನ ಆ ಕೆಂಪು ಬೆಳಕನ್ನು ಮೊಬೈಲಿನಲ್ಲಿ ಹಿಡಿಯುವ ಅವಸರ ಬೇಡ.

ದೊಡ್ಡ ಅರಮನೆಯನ್ನು ಬಿಡಿ ಎಂದು ಹೇಳಲಾರೆ. 1897ರ ಬೆಂಕಿಯಲ್ಲಿ ಹಳೆಯ ಮರದ ಅರಮನೆ ಹೋದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ 1912ಕ್ಕೆ ಮುಗಿದದ್ದು ಈಗಿನದು. ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು ಎಂಬುದನ್ನು ಮಾತ್ರ ನೆನಪಿಡಿ. ಲೇಸು ಕಟ್ಟಿದ ಬೂಟು, ಒದ್ದೆ ಕಾಲುಚೀಲ, ತಣ್ಣನೆಯ ನೆಲ, ಇವು ಮೂರೂ ಸೇರಿದರೆ ಕಲ್ಯಾಣ ಮಂಟಪದ ಬಣ್ಣದ ಗಾಜಿನ ಛಾವಣಿಯೂ ಕಣ್ಣಿಗೆ ಹತ್ತುವುದಿಲ್ಲ. ಸುಲಭವಾಗಿ ಕಳಚುವ ಚಪ್ಪಲಿ ಹಾಕಿಕೊಳ್ಳಿ, ಚೀಲದಲ್ಲಿ ಒಂದು ಜೊತೆ ಒಣ ಕಾಲುಚೀಲ ಇಟ್ಟುಕೊಳ್ಳಿ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಸಂಜೆ ಏಳಕ್ಕೆ ದೀಪಾಲಂಕಾರವಿರುತ್ತದೆ. ಮಳೆ ಜೋರಾದರೆ ಹಚ್ಚದಿರಬಹುದು, ಆದ್ದರಿಂದ ಇಡೀ ಸಂಜೆಯನ್ನು ಅದಕ್ಕೆ ಕಟ್ಟಿಹಾಕಬೇಡಿ. ಮಳೆ ಆಗಷ್ಟೇ ನಿಂತು ದೀಪ ಹತ್ತಿದರೆ ಮಾತ್ರ, ಆವರಣದ ಒದ್ದೆ ನೆಲದಲ್ಲಿ ಇನ್ನೊಂದು ಅರಮನೆ ಕಾಣುತ್ತದೆ. ಡಿಸೆಂಬರ್ ಕೊನೆಯ ವಾರ ಅಲ್ಲಿ ಫಲಪುಷ್ಪ ಪ್ರದರ್ಶನದ ಜನಸಂದಣಿ ವಿಪರೀತ. ನೆಮ್ಮದಿ ಬೇಕಾದವರು ಆ ವಾರವನ್ನೇ ಬಿಡುವುದು ಒಳ್ಳೆಯದು.

ಚಾಮುಂಡಿ ಬೆಟ್ಟಕ್ಕೆ ಬೆಳಿಗ್ಗೆ ಎದ್ದು ಕಿಟಕಿಯಿಂದ ನೋಡಿದ ಮೇಲೆ ತೀರ್ಮಾನಿಸಿ. ಮೋಡ ಕೆಳಗಿಳಿದಿದ್ದರೆ ಮೇಲಿನಿಂದ ಊರು ಕಾಣುವುದಿಲ್ಲ. ದರ್ಶನಕ್ಕೆಂದು ಹೋಗುವವರ ಮಾತು ಬೇರೆ, ಅವರನ್ನು ನಾನು ತಡೆಯುವುದಿಲ್ಲ. ಸುಮಾರು ಸಾವಿರ ಮೆಟ್ಟಿಲುಗಳ ದಾರಿ ಮಳೆಯಲ್ಲಿ ಬೇಡ, ಬಸ್ಸಿದೆ. ಮೃಗಾಲಯಕ್ಕೆ ಮಂಗಳವಾರ ರಜೆ. ಮಳೆಯಲ್ಲಿ ಪ್ರಾಣಿಗಳೂ ಸೂರು ಹುಡುಕಿಕೊಳ್ಳುತ್ತವೆ. ಬೃಂದಾವನ ಇಪ್ಪತ್ತು ಕಿಲೋಮೀಟರ್ ಆಚೆ, ಪೂರ್ತಿ ಬಯಲು. ಅಲ್ಲಿಗೆ ಹೋದರೆ ಮಧ್ಯಾಹ್ನದ ವಿಶ್ರಾಂತಿಯೂ ಹೋಯಿತು, ಸಂಜೆಯೂ ಹೋಯಿತು. ಸಂಜೆಗೆ ರಂಗಾಯಣ ಉತ್ತಮ. ಬಿ. ವಿ. ಕಾರಂತರು ಕಟ್ಟಿ ಬೆಳೆಸಿದ ಸಂಸ್ಥೆ, ವಾರಾಂತ್ಯದಲ್ಲಿ ನಾಟಕಗಳಿರುತ್ತವೆ. ಭೂಮಿಗೀತದಲ್ಲಿ ಛಾವಣಿಯಿದೆ, ವನರಂಗ ಬಯಲು ರಂಗಮಂದಿರ. ಯಾವುದರಲ್ಲಿ ಎಂದು ವಿಚಾರಿಸಿಕೊಳ್ಳಿ. ಸಮಯ, ರಜೆ, ದುರಸ್ತಿ ಇವೆಲ್ಲ ಬದಲಾಗುತ್ತಿರುತ್ತವೆ, ಯಾವ ಜಾಗಕ್ಕಾದರೂ ಹೊರಡುವ ಮುನ್ನ ಫೋನ್ ಮಾಡುವುದು ಕ್ಷೇಮ.

ಮೂರು ಗಂಟೆ ಕೋಣೆಯಲ್ಲಿ ಏನು ಮಾಡುವುದು ಎಂದು ಮದುವೆಯಾಗಿ ಹತ್ತು ಹದಿನೈದು ವರ್ಷವಾದವರೂ ಕೇಳುತ್ತಾರೆ. ಆಗ ನನಗೆ ಸಿಟ್ಟಿಗಿಂತ ಮರುಕವೇ ಹೆಚ್ಚು. ಮಕ್ಕಳು, ಕೆಲಸ, ಮನೆಯ ಹಿರಿಯರು, ಇವುಗಳ ನಡುವೆ ಇಬ್ಬರೇ ಸುಮ್ಮನೆ ಕೂರುವ ಅಭ್ಯಾಸವೇ ತಪ್ಪಿಹೋಗಿರುತ್ತದೆ. ಅಂಥವರಿಗೆ ನಾನು ಹೇಳುವುದು, ಬರುವ ದಾರಿಯಲ್ಲಿ ಒಂದು ಚೌಕಾಬಾರದ ಹಾಸು, ನಾಲ್ಕು ಕವಡೆ ಕೊಂಡುಕೊಳ್ಳಿ ಎಂದು. ಹಲಗೆಯಾಟಗಳಿಗೆ ಮೈಸೂರಿನಲ್ಲಿ ಒಂದು ಪರಂಪರೆಯೇ ಇದೆ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಹೊಸ ಆಟಗಳನ್ನು ರೂಪಿಸಿದವರು. ಕರಕುಶಲ ವಸ್ತುಗಳ ಅಂಗಡಿಗಳಲ್ಲಿ ಅಳಗುಳಿಮಣೆಯೂ ಸಿಗುತ್ತದೆ.

ಮಧ್ಯಾಹ್ನ ಕೋಣೆಗೆ ಮರಳುವ ಈ ಕ್ರಮವನ್ನು ನನಗೆ ಕಲಿಸಿದವರು ತೀರ್ಥಹಳ್ಳಿ ಕಡೆಯಿಂದ ಬಂದಿದ್ದ ನಿವೃತ್ತ ಮೇಷ್ಟರು ಮತ್ತು ಅವರ ಪತ್ನಿ. ಮಳೆ ಇದೆ, ಬರುವುದನ್ನು ಮುಂದೂಡುತ್ತೀರಾ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಆ ತಾಯಿ ನಕ್ಕರು. 'ನಿಮ್ಮ ಕಡೆ ಇದಕ್ಕೂ ಮಳೆ ಎನ್ನುತ್ತಾರೇನಮ್ಮ?' ಎಂದರು. ಮಲೆನಾಡಿನವರಿಗೆ ಮಳೆಯಲ್ಲಿ ದಿನ ಕಳೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಬೆಳಿಗ್ಗೆ ನಜರ್‌ಬಾದಿನಲ್ಲಿ ಬೆಣ್ಣೆ ಹಾಕಿದ ಮೈಲಾರಿ ದೋಸೆ, ಆಮೇಲೆ ಒಂದೇ ಒಂದು ಜಾಗ, ಹನ್ನೆರಡೂವರೆಗೆ ಊಟ, ಒಂದೂವರೆಗೆ ಕೋಣೆ. ಮೊದಲ ಕೆಲಸ ಕಾಲು ತೊಳೆದು ಒರೆಸಿಕೊಳ್ಳುವುದು. ಮೇಷ್ಟರು ಒಂದು ನಿದ್ದೆ ತೆಗೆಯುತ್ತಿದ್ದರು, ಆಕೆ ಕಿಟಕಿಯ ಬಳಿ ಕೂತು ಹುರಿಗಾಳು ತಿನ್ನುತ್ತಾ ಬೀದಿ ನೋಡುತ್ತಿದ್ದರು, ನಾಲ್ಕಕ್ಕೆ ಕಾಫಿ, ಆಮೇಲೆ ಚೌಕಾಬಾರ. ಅವರ ಎರಡು ಕೊಡೆಗಳನ್ನು ಗಮನಿಸಿ ಕೇಳಿದೆ. ಒಂದೇ ಕೊಡೆಯಲ್ಲಿ ಹೋದರೆ ಇಬ್ಬರ ಹೊರಗಿನ ಭುಜವೂ ನೆನೆಯುತ್ತದೆ, ಪ್ರೀತಿಯಿದ್ದರೆ ಎರಡು ಕೊಡೆ ತರುತ್ತಾರೆ ಎಂದರು ಆಕೆ. ಈ ಮಾತನ್ನು ಹೊಸದಾಗಿ ಮದುವೆಯಾದ ಎಲ್ಲರಿಗೂ ದಾಟಿಸುತ್ತೇನೆ.

ಊಟದ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಈ ಕಾಲದಲ್ಲಿ ಮೈಸೂರಿಗೆ ಬಂದು ಅವರೆಕಾಯಿ ತಿನ್ನದೆ ಹೋಗಬೇಡಿ. ಹಿತಕಿದ ಬೇಳೆಯ ಸಾರು ಯಾವ ಹೋಟೆಲಿನಲ್ಲಿ ಮಾಡಿದ್ದಾರೆ ಎಂದು ಬೆಳಿಗ್ಗೆಯೇ ವಿಚಾರಿಸಿಡಿ.

ಬೆಂಗಳೂರಿನಿಂದ ಬರುವವರು ರೈಲಿನಲ್ಲೇ ಬನ್ನಿ. ಒದ್ದೆ ಹೆದ್ದಾರಿಯಲ್ಲಿ ಒಬ್ಬರು ಕಣ್ಣು ಕೀಲಿಸಿ ಕಾರು ಓಡಿಸುತ್ತಾ, ಇನ್ನೊಬ್ಬರು ಭಯದಿಂದ ಬಾಗಿಲಿನ ಹಿಡಿ ಹಿಡಿದು ಕೂತರೆ ರಜೆ ಅರ್ಧ ದಿನ ತಡವಾಗಿ ಶುರುವಾದಂತೆ. ಚಂಡಮಾರುತದ ಮುನ್ಸೂಚನೆ ಕೆಲವು ದಿನ ಮೊದಲೇ ಸಿಗುತ್ತದೆ. ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಟ್ಟಿದ್ದರೆ ಹೊರಡಬೇಡಿ. ನಾನು ಹೇಳುತ್ತಿರುವುದೆಲ್ಲ ಸೋನೆಮಳೆಗೆ ಮಾತ್ರ. ಹಾಗೆಯೇ ಬುಕ್ಕಿಂಗ್ ರದ್ದು ಮಾಡಿದರೆ ಎಷ್ಟು ಹಣ ವಾಪಸ್ಸು ಎಂಬುದನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳಿ.

ಕೋಣೆ ಕೊಡುವ ಮತ್ತು ಬಿಡುವ ಹೊತ್ತನ್ನು ತಪ್ಪದೆ ಕೇಳಿ. ಕೆಲವು ಕಡೆ ಬಂದ ಹೊತ್ತಿನಿಂದ ಇಪ್ಪತ್ತನಾಲ್ಕು ಗಂಟೆ ಲೆಕ್ಕ, ಕೆಲವು ಕಡೆ ಮಧ್ಯಾಹ್ನ ಹನ್ನೆರಡಕ್ಕೆ ಖಾಲಿ ಮಾಡಬೇಕು. ಎರಡನೆಯದಾದರೆ ಕೊನೆಯ ದಿನ ನಿಮ್ಮ ಮಧ್ಯಾಹ್ನ ಬೀದಿಪಾಲು. ಸಂಜೆಯ ರೈಲಿದ್ದರೆ ಐದರವರೆಗೆ ಕೋಣೆ ಇಟ್ಟುಕೊಳ್ಳಲು ಅರ್ಧ ದಿನದ ಬಾಡಿಗೆ ಎಷ್ಟು ಎಂದು ಕಾಯ್ದಿರಿಸುವಾಗಲೇ ಮಾತಾಡಿ. ಆ ದಿನ ಬೆಳಿಗ್ಗೆ ಕೌಂಟರಿನಲ್ಲಿ ನಿಂತು ಕೇಳಿದರೆ, ಮುಂದಿನವರಿಗೆ ಕೊಟ್ಟಾಗಿದೆ ಎನ್ನುತ್ತಾರೆ, ಮತ್ತು ಅದು ನಿಜವೇ ಆಗಿರುತ್ತದೆ.