ಮೀನು-ಹಾಲು ಬಿಡಿ, ಮುದ್ದೆ-ಟೀ ಕಥೆ ಕೇಳಿ

"ಮೇಡಂ, ಮೀನು ತಿಂದು ಹಾಲು ಕುಡಿದ್ರೆ ತೊನ್ನು ಬರತ್ತಂತೆ ಹೌದಾ?" ಡಯಟಿಷಿಯನ್ ಆಗಿ ಕೂತ ದಿನದಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಆಯುರ್ವೇದದಲ್ಲಿ ಇದನ್ನ ವಿರುದ್ಧಾಹಾರ ಅಂತಾರೆ ನಿಜ, ಆದ್ರೆ ತೊನ್ನು ಬರೋದು ನಮ್ಮ ಮೈಯ ರೋಗನಿರೋಧಕ ವ್ಯವಸ್ಥೆನೇ ಚರ್ಮಕ್ಕೆ ಬಣ್ಣ ಕೊಡೋ ಜೀವಕೋಶಗಳ ಮೇಲೆ ತಿರುಗಿ ಬೀಳೋದ್ರಿಂದ, ಬಂಗಡೆ ಸಾರಿಂದ ಅಲ್ಲ. ಹಾಲು ಕುಡಿದಾಗೆಲ್ಲ ಹೊಟ್ಟೆ ಉಬ್ಬರಿಸಿದ್ರೆ ಬಹಳ ಸಲ ಅದು ಹಾಲಿನ ಸಕ್ಕರೆ ಲ್ಯಾಕ್ಟೋಸ್ ಅರಗದೇ ಇರೋದು, ಜೊತೆಗೆ ಮೀನಿದ್ರೂ ಅಷ್ಟೇ ಬಾಳೆಹಣ್ಣಿದ್ರೂ ಅಷ್ಟೇ. ಅಂಥವರಿಗೂ ಮಜ್ಜಿಗೆ ಸಾಮಾನ್ಯವಾಗಿ ಒಗ್ಗತ್ತೆ.

ನನಗೆ ತಲೆನೋವಾಗಿರೋ ಜೋಡಿ ಬೇರೆ, ಅದನ್ನ ಯಾರೂ ಕೇಳಲ್ಲ. ಉಂಡು ಕೈ ತೊಳೆದ ಕೂಡ್ಲೇ ಟೀ.

ಒಬ್ರು ಹೆಂಗಸು ಬಂದಿದ್ರು, ಹಿಮೋಗ್ಲೋಬಿನ್ 8.6, ಇರಬೇಕಾದ್ದು 12ರ ಮೇಲೆ. ನಾಲ್ಕು ತಿಂಗಳಿಂದ ಕಬ್ಬಿಣದ ಮಾತ್ರೆ ತಪ್ಪದೇ ನುಂಗ್ತಿದೀನಿ, ದಿನಾ ಮುದ್ದೆ, ಸೊಪ್ಪಿನ ಬಸ್ಸಾರು, ಇನ್ನೇನು ತಿನ್ಲಿ ಮೇಡಂ ಅಂತ ಕಣ್ಣಲ್ಲಿ ನೀರು. ಮಾತ್ರೆ ಯಾವುದ್ರಲ್ಲಿ ನುಂಗ್ತೀರಮ್ಮ ಅಂದೆ. ಖಾಲಿ ಹೊಟ್ಟೇಲಿ ವಾಕರಿಕೆ ಬರತ್ತೆ ಅಂತ ತಿಂಡಿ ಆದ್ಮೇಲೆ, ಟೀ ಜೊತೆ! ಕ್ಯಾಲ್ಸಿಯಂ ಮಾತ್ರೆನೂ ಅದೇ ಗುಟುಕಿಗೆ, ಕೆಲಸ ಮುಗೀಲಿ ಅಂತ.

ಟೀಲಿ ಒಗರು ಕೊಡೋ ಅಂಶ ಇದೆಯಲ್ಲ, ಅದು ಕಾಳು ಸೊಪ್ಪಿನ ಕಬ್ಬಿಣವನ್ನ ಕರುಳಲ್ಲಿ ಹಿಡ್ಕೊಂಡ್ಬಿಡತ್ತೆ, ರಕ್ತಕ್ಕೆ ಹೋಗೋಕೆ ಬಿಡಲ್ಲ, ಊಟದ ಜೊತೆ ಗಟ್ಟಿ ಟೀ ಕುಡಿದ್ರೆ ಅರ್ಧಕ್ಕಿಂತ ಹೆಚ್ಚೇ ನಷ್ಟ ಆಗಬಹುದು. ಕಾಫಿನೂ ಸಾಚಾ ಅಲ್ಲ, ಸ್ವಲ್ಪ ಕಮ್ಮಿ ಅಷ್ಟೇ. ಕ್ಯಾಲ್ಸಿಯಂ ಮತ್ತೆ ಕಬ್ಬಿಣದ್ದೂ ಜಗಳನೇ, ಒಂದು ಬೆಳಿಗ್ಗೆ ಆದ್ರೆ ಇನ್ನೊಂದು ರಾತ್ರಿ ತಗೊಳ್ಳಿ. ರಾಗಿಲಂತೂ 100 ಗ್ರಾಂಗೆ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಆದ್ರೆ ಕಬ್ಬಿಣ ಐದು ಮಿಲಿಗ್ರಾಂನೂ ಮುಟ್ಟಲ್ಲ, ಅದೂ ಧಾನ್ಯದಲ್ಲೇ ಇರೋ ಫೈಟೇಟ್ ಅನ್ನೋ ಅಂಶದ ಕೈಲಿ ಸಿಕ್ಕಿಹಾಕ್ಕೊಂಡಿರತ್ತೆ, ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದ್ರೆ ಸ್ವಲ್ಪ ಬಿಡುಗಡೆ. ಬರೀ ಮುದ್ದೆ ನಂಬ್ಕೊಂಡು ರಕ್ತ ಏರತ್ತೆ ಅಂತ ಕೂರೋದು ಬೇಡ.

ಅವರಿಗೆ ನಾನು ಹೊಸ ಮಾತ್ರೆ ಏನೂ ಹೇಳ್ಲಿಲ್ಲ. ಟೀನ ಊಟದಿಂದ ಎರಡು ಗಂಟೆ ದೂರ ಇಡಿ, ಮಾತ್ರೆನ ನಿಂಬೆ ಪಾನಕದಲ್ಲಿ ನುಂಗಿ, ಬಸ್ಸಾರಿಗೆ ಒಲೆ ಮೇಲಿಂದ ಇಳಿಸಿದ ಮೇಲೆ ನಿಂಬೆಹುಳಿ ಹಿಂಡಿ (ಕಬ್ಬಿಣ ಮೈಗೆ ಹತ್ತೋಕೆ ನೆರವಾಗೋದು ವಿಟಮಿನ್ ಸಿ, ಕುದೀವಾಗ ಹಿಂಡಿದ್ರೆ ಅದು ಬಹಳಷ್ಟು ಹಾಳು), ಊಟದ ಕೊನೆಗೆ ಅರ್ಧ ಸೀಬೆಹಣ್ಣು. ಊಟ ಆದ್ಮೇಲೆ ಹಣ್ಣು ತಿಂದ್ರೆ ಹೊಟ್ಟೇಲಿ ಕೊಳೆಯತ್ತೆ ಅಂತ ವಾಟ್ಸಾಪಲ್ಲಿ ಬಂದಿತ್ತಲ್ಲ ಅಂದ್ರು. ಜಠರದಲ್ಲಿರೋ ಆಸಿಡ್‌ ಎದುರು ಹಣ್ಣಿಗೆ ಕೊಳೆಯೋಕೆ ಎಲ್ಲಿ ಪುರುಸೊತ್ತು?

ಮೂರು ತಿಂಗಳಿಗೆ 10.9. ಈ ಸಲ ಜೊತೆಗೆ ಅತ್ತೆನೂ ಬಂದಿದ್ರು, ಅವರ ಕಂಪ್ಲೇಂಟು ಅವರೆಕಾಳು ತಿಂದ್ರೆ ಗ್ಯಾಸು. ಅದು ಯಾವ ಜೋಡಿ ತಪ್ಪೂ ಅಲ್ಲ, ಕಾಳಿನ ಕೆಲವು ಸಕ್ಕರೆ ನಮಗೆ ಅರಗಲ್ಲ, ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನ ಹುದುಗಿಸಿ ಗಾಳಿ ಮಾಡತ್ತೆ. ಒಣ ಅವರೆ ಆದ್ರೆ ರಾತ್ರಿಯಿಡೀ ನೆನೆಸಿ ಆ ನೀರು ಚೆಲ್ಲಿ ಅಂದೆ. "ನಾನು ಆ ನೀರಲ್ಲೇ ಬೇಯಿಸೋದು ಕಣವ್ವ, ಸತ್ವ ಹೋಗತ್ತೆ ಅಂತ" ಅಂದ್ರು.