ದೂರವನ್ನು ವೇಗದಿಂದ ಭಾಗಿಸಿದರೆ ಸಾಲದು

ಎರಡು ಏರ್‌ಪೋರ್ಟ್‌ಗಳ ನಡುವಿನ ದೂರ ಮೊಬೈಲ್‌ನಲ್ಲೇ ಸಿಗುತ್ತದೆ. ದೊಡ್ಡ ವಿಮಾನ ಗಂಟೆಗೆ ಸುಮಾರು 900 ಕಿ.ಮೀ. ಹೋಗುತ್ತದೆ ಅಂತಲೂ ಬಹಳ ಜನಕ್ಕೆ ಗೊತ್ತು. ಭಾಗಿಸಿ ನೋಡಿದವರು ಕೇಳುತ್ತಾರೆ: ಮತ್ತೆ ಟಿಕೆಟ್‌ನಲ್ಲಿ ಯಾಕೆ ಅಷ್ಟು ಜಾಸ್ತಿ ಸಮಯ? ವಿಮಾನ ಹೊರಡುವ ಮುಂಚೆ ಅದರ ದಾರಿ ಮತ್ತು ಇಂಧನದ ಲೆಕ್ಕ ಹಾಕುವ ಫ್ಲೈಟ್ ಡಿಸ್ಪ್ಯಾಚರ್ ನಾನು. ದೂರ ನಮಗೆ ಮೊದಲ ಅಂಕಿ ಮಾತ್ರ. ಆಮೇಲಿನ ತಲೆನೋವೆಲ್ಲ ಗಾಳಿಯದ್ದು.

ಮೊಬೈಲ್ ತೋರಿಸುವುದು ಭೂಗೋಳದ ಮೇಲಿನ ಅತಿ ಹತ್ತಿರದ ದಾರಿ. ಚಪ್ಪಟೆ ಮ್ಯಾಪ್‌ನಲ್ಲಿ ಅದು ಬಾಗಿ ಕಾಣುತ್ತದೆ. ಗ್ಲೋಬ್ ಮೇಲೆ ದಾರ ಬಿಗಿಯಾಗಿ ಹಿಡಿದು ನೋಡಿ, ಅನುಮಾನ ಹೋಗುತ್ತದೆ.

ಈಗ ಗಾಳಿ. ಲಂಡನ್‌ನ ಹೀಥ್ರೂನಿಂದ ನ್ಯೂಯಾರ್ಕ್‌ನ ಜೆಎಫ್‌ಕೆಗೆ ಸುಮಾರು 5,550 ಕಿ.ಮೀ. ಗಾಳಿ ಇಲ್ಲದಿದ್ದರೆ 6 ಗಂಟೆ 10 ನಿಮಿಷ. ಆದರೆ 900 ಅನ್ನುವುದು ಗಾಳಿಯೊಳಗಿನ ವೇಗ, ನೆಲದ ಲೆಕ್ಕದ್ದಲ್ಲ. ಅಟ್ಲಾಂಟಿಕ್ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್, ಅಂದರೆ ಬಹಳ ಎತ್ತರದ ಜೋರು ಗಾಳಿ, ಬೀಸುತ್ತದೆ. ಅದರ ವೇಗ 150 ಕಿ.ಮೀ. ಅಂತಿಟ್ಟುಕೊಳ್ಳಿ. ನ್ಯೂಯಾರ್ಕ್‌ಗೆ ಹೋಗುವಾಗ ನಮಗೆ ಸಿಗುವುದು 750, ಅಂದರೆ 7 ಗಂಟೆ 24 ನಿಮಿಷ. ವಾಪಸ್ ಬರುವಾಗ 1,050, ಅಂದರೆ 5 ಗಂಟೆ 17 ನಿಮಿಷ. ಕಳೆದುಕೊಂಡಿದ್ದು ಪೂರ್ತಿ ವಾಪಸ್ ಬರಲಿಲ್ಲ, ಗಮನಿಸಿದಿರಾ? ಹೋಗಿ ಬರುವಷ್ಟರಲ್ಲಿ 21 ನಿಮಿಷ ನಷ್ಟ. ಎದುರು ಗಾಳಿಯಲ್ಲಿ ವಿಮಾನ ಹೆಚ್ಚು ಹೊತ್ತು ಇರಬೇಕಾಗುತ್ತದೆ, ಅದಕ್ಕೇ ಹೀಗೆ.

ಹಾಗಾಗಿ ಅಟ್ಲಾಂಟಿಕ್ ಮೇಲಿನ ಮುಖ್ಯ ದಾರಿಗಳನ್ನು ದಿನಾ ಹೊಸದಾಗಿ ಹಾಕುತ್ತಾರೆ. ಪೂರ್ವಕ್ಕೆ ಹೋಗುವವರಿಗೆ ಗಾಳಿ ಸಿಗಬೇಕು, ಪಶ್ಚಿಮಕ್ಕೆ ಹೋಗುವವರಿಗೆ ತಪ್ಪಬೇಕು. ನೂರಾರು ಕಿ.ಮೀ. ಸುತ್ತಿಕೊಂಡು ಹೋದರೂ ಬೇಗ ತಲುಪುವ ದಿನಗಳುಂಟು. 2020ರ ಫೆಬ್ರವರಿಯಲ್ಲಿ ಸಿಯಾರಾ ಬಿರುಗಾಳಿಯ ಹೊತ್ತಿಗೆ ಒಂದು ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿತ್ತು.

ದಾರಿಯೇ ಮುಚ್ಚಿದರೆ ಗಾಳಿಯ ಲೆಕ್ಕವೂ ಕೆಲಸಕ್ಕೆ ಬಾರದು. 2022ರಲ್ಲಿ ಯುರೋಪಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಸುಮಾರು ಒಂಬತ್ತೂವರೆ ಗಂಟೆಯ ಹೆಲ್ಸಿಂಕಿ–ಟೋಕಿಯೊ ಪ್ರಯಾಣ 13 ಗಂಟೆಯ ಆಸುಪಾಸಿಗೆ ಹೋಯಿತು. ಮೊಬೈಲ್ ತೋರಿಸುವ ದೂರ ಮಾತ್ರ ಅಷ್ಟೇ ಇದೆ.

ಟಿಕೆಟ್‌ನಲ್ಲಿರುವುದು ಹಾರಾಟದ ಸಮಯವಷ್ಟೇ ಅಲ್ಲ. ಗೇಟ್ ಬಿಟ್ಟಲ್ಲಿಂದ ಇನ್ನೊಂದು ಗೇಟ್ ಸೇರುವವರೆಗಿನದು, ನಮ್ಮ ಮಾತಲ್ಲಿ ಬ್ಲಾಕ್ ಟೈಮ್. ರನ್‌ವೇಗೆ ಹೋಗುವುದು, ಸಾಲಲ್ಲಿ ಕಾಯುವುದು ಎಲ್ಲ ಅದರಲ್ಲೇ ಬಂತು. ಪ್ಲಾನ್ ಮಾಡುವವರು ಇದನ್ನೇ ನಂಬಿ.

ಆದರೆ ಹೊರಡುವ, ತಲುಪುವ ಗಂಟೆಗಳನ್ನು ಸುಮ್ನೆ ಕಳೆಯಬೇಡಿ, ಅವು ಆಯಾ ಊರಿನ ಸಮಯ. ಚಳಿಗಾಲದಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟು, ಅದೇ ದಿನ ಬೆಳಿಗ್ಗೆ 10ಕ್ಕೆ ಲಾಸ್ ಏಂಜಲೀಸ್‌ನಲ್ಲಿ ಇಳಿಯಬಹುದು. ಎರಡನ್ನೂ ಯುಟಿಸಿಗೆ, ಅಂದರೆ ಇಡೀ ಜಗತ್ತಿಗೆ ಒಂದೇ ಆದ 24 ಗಂಟೆಯ ಲೆಕ್ಕದ ಸಮಯಕ್ಕೆ, ತನ್ನಿ. ಟೋಕಿಯೊ 9 ಗಂಟೆ ಮುಂದೆ, ಹೊರಟಿದ್ದು 8ಕ್ಕೆ. ಲಾಸ್ ಏಂಜಲೀಸ್ 8 ಗಂಟೆ ಹಿಂದೆ, ತಲುಪಿದ್ದು 18ಕ್ಕೆ. ಪ್ರಯಾಣ 10 ಗಂಟೆ.