ಮೊದಲ ಸ್ಥಾನ ಬಂದ ತಂಡಕ್ಕೆ ಕಪ್ ಯಾಕೆ ಕೊಡಲ್ಲ?

ಪ್ರಶ್ನೆ: ಏಪ್ರಿಲ್‌ನಲ್ಲಿ ಕೆನಡಾದಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಅಳಿಯಂದಿರು ದಿನಾ ಸಂಜೆ ಟಿವಿಯಲ್ಲಿ ಐಸ್ ಹಾಕಿ ನೋಡುತ್ತಾ ಕೂರುತ್ತಾರೆ. ಅಕ್ಟೋಬರ್‌ನಿಂದ ಒಂದೊಂದು ತಂಡವೂ 82 ಪಂದ್ಯ ಆಡಿದೆಯಂತೆ. ಪಟ್ಟಿಯಲ್ಲಿ ಮೊದಲು ಯಾರು ಅಂತ ಎಲ್ಲರಿಗೂ ಗೊತ್ತು. ಆದರೂ ಅವರಿಗೆ ಕಪ್ ಕೊಡದೆ ಮತ್ತೆ ಎರಡು ತಿಂಗಳು ಆಡಿಸುತ್ತಾರೆ. ಹಾಗಾದರೆ ಆ 82 ಪಂದ್ಯ ಸುಮ್ನೆ ಆಡಿದ್ದಾ?

ಉತ್ತರ: ಈ ಪ್ರಶ್ನೆಯನ್ನು ಬಹಳ ಜನ ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವೂ ಇದೆ. ಆರು ತಿಂಗಳು ಬೆವರು ಸುರಿಸಿ ಎಲ್ಲರಿಗಿಂತ ಮುಂದೆ ನಿಂತ ತಂಡ ಬರಿಗೈಯಲ್ಲಿ ಮನೆಗೆ ಹೋಗುವುದನ್ನು ನೋಡಿದರೆ ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಆದರೆ ಆ ಪಂದ್ಯಗಳು ಸುಮ್ನೆ ಆಡಿದ್ದಲ್ಲ. ಅವುಗಳ ಕೆಲಸವೇ ಬೇರೆ, ಆಮೇಲಿನ ಎರಡು ತಿಂಗಳ ಪ್ಲೇಆಫ್‌ನ ಕೆಲಸವೇ ಬೇರೆ. 2022-23ರ ಒಂದೇ ಸೀಸನ್ ನೋಡಿದರೆ ಇದು ಪೂರ್ತಿ ಅರ್ಥವಾಗುತ್ತದೆ.

ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನಿಮ್ಮ ಅಳಿಯಂದಿರು ನೋಡುವುದು ಎನ್‌ಎಚ್‌ಎಲ್, ಅಂದರೆ ನ್ಯಾಷನಲ್ ಹಾಕಿ ಲೀಗ್. ಒಟ್ಟು 32 ತಂಡ. ಏಳು ಕೆನಡಾದವು, ಉಳಿದ 25 ಅಮೆರಿಕದವು. ಪೂರ್ವ, ಪಶ್ಚಿಮ ಅಂತ ಎರಡು ಗುಂಪು, ಅವಕ್ಕೆ ಕಾನ್ಫರೆನ್ಸ್ ಅಂತಾರೆ. ಒಂದೊಂದರೊಳಗೆ ಎರಡೆರಡು ಡಿವಿಷನ್. ಗೆದ್ದರೆ ಎರಡು ಅಂಕ. 60 ನಿಮಿಷದೊಳಗೆ ಸೋತರೆ ಸೊನ್ನೆ. 60 ನಿಮಿಷಕ್ಕೆ ಸಮ ಆಗಿ, ಆಮೇಲೆ ಓವರ್‌ಟೈಮ್ ಎನ್ನುವ ಹೆಚ್ಚುವರಿ ಆಟದಲ್ಲೋ, ಒಬ್ಬೊಬ್ಬರೇ ಗೋಲ್‌ಕೀಪರ್ ಎದುರು ಹೊಡೆಯುವ ಶೂಟೌಟ್‌ನಲ್ಲೋ ಸೋತರೆ ಒಂದು ಅಂಕ ಸಿಗುತ್ತದೆ. ಕೊನೆಗೆ ಪ್ರತಿ ಡಿವಿಷನ್‌ನ ಮೊದಲ ಮೂರು ತಂಡ ನೇರವಾಗಿ ಪ್ಲೇಆಫ್‌ಗೆ ಹೋಗುತ್ತವೆ. ಪ್ರತಿ ಕಾನ್ಫರೆನ್ಸ್‌ನಲ್ಲಿ ಉಳಿದವರ ಪೈಕಿ ಮುಂದಿರುವ ಎರಡು ತಂಡ ವೈಲ್ಡ್‌ಕಾರ್ಡ್ ಆಗಿ ಸೇರುತ್ತವೆ. ಅಲ್ಲಿಗೆ 16 ತಂಡ ಒಳಗೆ, 16 ತಂಡ ಹೊರಗೆ. ಈ 82ರ ಲೆಕ್ಕ 2026-27ರಿಂದ 84 ಆಗುತ್ತದೆ, ಉಳಿದದ್ದೆಲ್ಲ ಇದೇ.

ಈಗ 2023ರ ಏಪ್ರಿಲ್‌ಗೆ ಬನ್ನಿ. ಪೂರ್ವದ ಕೊನೆಯ ವೈಲ್ಡ್‌ಕಾರ್ಡ್ ಜಾಗಕ್ಕೆ ಫ್ಲಾರಿಡಾ ಪ್ಯಾಂಥರ್ಸ್ ಮತ್ತು ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ ಹೋರಾಡುತ್ತಿದ್ದವು. ಪಿಟ್ಸ್‌ಬರ್ಗ್ ಅಂದರೆ ಹೆಸರಾಂತ ಆಟಗಾರ ಸಿಡ್ನಿ ಕ್ರಾಸ್ಬಿಯ ತಂಡ. ಸತತ 16 ಸೀಸನ್ ಪ್ಲೇಆಫ್ ತಪ್ಪಿಸಿಕೊಂಡಿರಲಿಲ್ಲ. ಏಪ್ರಿಲ್ 11ರಂದು ತಮ್ಮದೇ ಊರಲ್ಲಿ, ಪಟ್ಟಿಯ ತಳದಲ್ಲಿದ್ದ ಶಿಕಾಗೊ ವಿರುದ್ಧ ಆಡಿದರು. 5-2ರಿಂದ ಸೋತರು. ಸೀಸನ್ ಮುಗಿದಾಗ ಫ್ಲಾರಿಡಾಗೆ 92 ಅಂಕ, ಪಿಟ್ಸ್‌ಬರ್ಗ್‌ಗೆ 91.

ಒಂದೇ ಅಂಕ. ಚಳಿಗಾಲದ ಯಾವುದೋ ರಾತ್ರಿ, ಯಾರಿಗೂ ನೆನಪಿಲ್ಲದ ಒಂದು ಪಂದ್ಯವನ್ನು ಓವರ್‌ಟೈಮ್ ತನಕ ಎಳೆದು ಸೋತಿದ್ದರೂ ಸಿಗುತ್ತಿದ್ದಂಥ ಅಂಕ ಅದು. ಆ 82 ಪಂದ್ಯ ಯಾಕೆ ಅಂತ ಕೇಳಿದಿರಲ್ಲ, ಇದಕ್ಕೇ.

ಒಳಗೆ ಬಂದ ಫ್ಲಾರಿಡಾಗೆ ಮೊದಲ ಸುತ್ತಿನಲ್ಲೇ ಎದುರಾಗಿದ್ದು ಬಾಸ್ಟನ್ ಬ್ರೂಯಿನ್ಸ್. ಬಾಸ್ಟನ್ ಆ ವರ್ಷ 82ರಲ್ಲಿ 65 ಗೆದ್ದಿತ್ತು, 135 ಅಂಕ ತೆಗೆದಿತ್ತು. ಗೆಲುವಿನಲ್ಲೂ ಅಂಕದಲ್ಲೂ ಲೀಗಿನ ಇತಿಹಾಸದಲ್ಲೇ ಅತಿ ಹೆಚ್ಚು. ಫ್ಲಾರಿಡಾಗಿಂತ 43 ಅಂಕ ಮುಂದೆ. ನಮ್ಮಲ್ಲಿ ಆನೆ ಎದುರು ಆಡು ಅಂತೀವಲ್ಲ, ಹಾಗಿತ್ತು.

ಪ್ಲೇಆಫ್‌ನ ಪ್ರತಿ ಸುತ್ತೂ ಏಳು ಪಂದ್ಯದ ಸರಣಿ. ನಾಲ್ಕು ಗೆದ್ದವರು ಮುಂದಕ್ಕೆ. ನಾಲ್ಕು ಪಂದ್ಯ ಆದಾಗ ಬಾಸ್ಟನ್ 3-1ರಿಂದ ಮುಂದಿತ್ತು. ಫ್ಲಾರಿಡಾ ಐದನೆಯದನ್ನು ಗೆದ್ದಿತು. ಆರನೆಯದನ್ನೂ ಗೆದ್ದಿತು. ಏಪ್ರಿಲ್ 30ರಂದು ಬಾಸ್ಟನ್‌ನಲ್ಲಿ ಏಳನೆಯದು. ಫ್ಲಾರಿಡಾ ಮೊದಲು ಎರಡು ಗೋಲು ಹೊಡೆಯಿತು. ಬಾಸ್ಟನ್ ಮೂರು ಹೊಡೆದು 3-2 ಮಾಡಿತು. ಆಟ ಮುಗಿಯಲು ಒಂದು ನಿಮಿಷ ಬಾಕಿ. ಫ್ಲಾರಿಡಾ ತನ್ನ ಗೋಲ್‌ಕೀಪರ್‌ನನ್ನು ಬೆಂಚಿಗೆ ಕರೆಸಿಕೊಂಡು, ಅವನ ಬದಲು ಇನ್ನೊಬ್ಬ ಆಟಗಾರನನ್ನು ದಾಳಿಗೆ ಕಳಿಸಿತು. ಹಿಂದೆ ಗೋಲು ಖಾಲಿ. ಫ್ಲಾರಿಡಾದ ಬ್ರ್ಯಾಂಡನ್ ಮಾಂಟೂರ್ ಹೊಡೆದ ಪಕ್ (ಈ ಆಟದ ಚೆಂಡು ಅನ್ನಿ) ಒಳಗೆ ಹೋಯಿತು. 3-3. ಓವರ್‌ಟೈಮ್‌ನ ಒಂಬತ್ತನೇ ನಿಮಿಷದಲ್ಲಿ ಫ್ಲಾರಿಡಾದವನೇ ಆದ ಕಾರ್ಟರ್ ವರ್ಹೇಗಿ ಇನ್ನೊಂದು ಗೋಲು ಹೊಡೆದ. 135 ಅಂಕದ ಸೀಸನ್ ಅಲ್ಲಿಗೆ ಮುಗಿಯಿತು.

ಇದು ಅದೃಷ್ಟ ಅಂತ ಕೈತೊಳೆದುಕೊಳ್ಳುವುದು ಸುಲಭ. ಅದೃಷ್ಟ ಇದ್ದೇ ಇದೆ. ಆದರೆ ಅದಷ್ಟೇ ಅಲ್ಲ.

ಈ ಆಟದ ಸ್ವಭಾವ ನೋಡಿ. ಒಂದು ಪಂದ್ಯದಲ್ಲಿ ಒಂದು ತಂಡ ಗೋಲಿನತ್ತ ಸುಮಾರು 30 ಸಲ ಹೊಡೆಯುತ್ತದೆ. ಒಳಗೆ ಹೋಗುವುದು ಮೂರರ ಆಸುಪಾಸು. ಗೋಲಿನ ಅಗಲ ಆರು ಅಡಿ, ಎತ್ತರ ನಾಲ್ಕು ಅಡಿ. ಪಕ್ ಅಂದರೆ ಮೂರು ಅಂಗುಲ ಅಗಲ, ಒಂದು ಅಂಗುಲ ದಪ್ಪದ ಗಟ್ಟಿ ರಬ್ಬರ್ ಬಿಲ್ಲೆ. ಪುಟಿಯಬಾರದು ಅಂತ ಆಟಕ್ಕೆ ಮುಂಚೆ ಅದನ್ನು ಫ್ರೀಜರ್‌ನಲ್ಲಿಟ್ಟು ತಣ್ಣಗೆ ಮಾಡಿರುತ್ತಾರೆ. ಅದು ಯಾರದೋ ಸ್ಕೇಟಿಗೆ, ಯಾರದೋ ಕೋಲಿನ ತುದಿಗೆ ತಾಗಿ ದಿಕ್ಕು ಬದಲಿಸಿದರೆ ಸಾಕು, ಪಂದ್ಯವೇ ತಿರುಗುತ್ತದೆ. 82 ಪಂದ್ಯದಲ್ಲಿ ಇಂಥವೆಲ್ಲ ಸರಿದೂಗಿ ಹೋಗುತ್ತವೆ. ಏಳು ಪಂದ್ಯದಲ್ಲಿ ದೂಗುವುದಿಲ್ಲ.

ಇನ್ನೊಂದು, ಗೋಲ್‌ಕೀಪರ್. ಎರಡು ತಿಂಗಳು ಒಬ್ಬ ಗೋಲ್‌ಕೀಪರ್‌ಗೆ ಕೈ ಕೂಡಿಬಂದರೆ ತಂಡದ ಸ್ಥಾನ ಯಾವುದಾದರೂ ಇರಲಿ, ಕಪ್ ಗೆಲ್ಲಬಹುದು. 2012ರಲ್ಲಿ ಲಾಸ್ ಏಂಜಲಿಸ್ ಕಿಂಗ್ಸ್ ಪಶ್ಚಿಮದಲ್ಲಿ ಎಂಟನೆಯದಾಗಿ, ಅಂದರೆ ಕಟ್ಟಕಡೆಯ ಜಾಗದಲ್ಲಿ ಒಳಗೆ ಬಂತು. ಮೊದಲ ಸುತ್ತಿನಲ್ಲೇ ಲೀಗಿನ ಅಗ್ರ ತಂಡ ವ್ಯಾಂಕೂವರ್ ಅನ್ನು ಹೊರಹಾಕಿತು. 20 ಪಂದ್ಯದಲ್ಲಿ 16 ಗೆದ್ದು ಕಪ್ ಎತ್ತಿತು. ಗೋಲಿನಲ್ಲಿ ನಿಂತಿದ್ದ ಜಾನಥನ್ ಕ್ವಿಕ್ ನೂರು ಹೊಡೆತಕ್ಕೆ ಸುಮಾರು 95ನ್ನು ತಡೆದಿದ್ದ.

ಮೂರನೆಯದನ್ನು ಟಿವಿಯಲ್ಲಿ ಬೇಗ ಗಮನಿಸಲಾಗುವುದಿಲ್ಲ. ಸೀಸನ್‌ನಲ್ಲಿ ಇವತ್ತು ಒಂದೂರು, ನಾಳಿದ್ದು ಇನ್ನೊಂದೂರು. ಒಮ್ಮೊಮ್ಮೆ ಬೆನ್ನುಬೆನ್ನಿಗೆ ಎರಡು ರಾತ್ರಿ ಪಂದ್ಯ. ಎದುರಾಳಿಯನ್ನು ಕೂತು ಅಧ್ಯಯನ ಮಾಡಲು ಪುರುಸೊತ್ತೇ ಇರುವುದಿಲ್ಲ. ಪ್ಲೇಆಫ್‌ನಲ್ಲಿ ಅದೇ ಎದುರಾಳಿ ಎರಡು ವಾರ ಎದುರಿಗಿರುತ್ತಾನೆ. ನಿಮ್ಮ ಅತ್ಯುತ್ತಮ ಆಟಗಾರ ಯಾವ ಕಡೆ ತಿರುಗುತ್ತಾನೆ, ಯಾರಿಗೆ ಪಕ್ ಕೊಡುತ್ತಾನೆ ಎನ್ನುವುದೆಲ್ಲ ಮೂರನೇ ಪಂದ್ಯದ ಹೊತ್ತಿಗೆ ಅವರಿಗೆ ಬಾಯಿಪಾಠ.

ಇನ್ನು ಹಣದ ಮಾತು. 2004-05ರಲ್ಲಿ ಮಾಲೀಕರಿಗೂ ಆಟಗಾರರಿಗೂ ಹೊಂದಾಣಿಕೆಯಾಗದೆ ಇಡೀ ಸೀಸನ್ನೇ ರದ್ದಾಯಿತು. ಆಮೇಲೆ ತಂಡದ ಒಟ್ಟು ಸಂಬಳಕ್ಕೆ ಮಿತಿ ಬಂತು. ದುಡ್ಡಿದ್ದವರು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುವ ಹಾಗಿಲ್ಲ. ಅದಕ್ಕೇ ಪಟ್ಟಿಯಲ್ಲಿ ಕಾಣುವಷ್ಟು ದೂರ ನಿಜದಲ್ಲಿ ಮೊದಲನೆಯವರಿಗೂ ಎಂಟನೆಯವರಿಗೂ ಇಲ್ಲ.

ಮೊದಲ ಸ್ಥಾನಕ್ಕೆ ಏನೂ ಇಲ್ಲವೆಂದಲ್ಲ. ಪ್ರೆಸಿಡೆಂಟ್ಸ್ ಟ್ರೋಫಿ ಅಂತ ಒಂದು ಬಹುಮಾನವನ್ನು 1986ರಿಂದ ಕೊಡುತ್ತಿದ್ದಾರೆ. 2025ರ ತನಕ 39 ಸಲ ಕೊಟ್ಟಿದ್ದಾರೆ. ಆ 39 ತಂಡಗಳಲ್ಲಿ ಅದೇ ವರ್ಷ ಕಪ್ಪನ್ನೂ ಗೆದ್ದವು ಎಂಟೇ ಎಂಟು. ಕೊನೆಯದು 2013ರ ಶಿಕಾಗೊ. ಇದರ ಜತೆ ಸಿಗುವ ಇನ್ನೊಂದು ಲಾಭ ತವರಿನ ರಿಂಕ್, ಅಂದರೆ ಐಸ್ ಅಂಕಣ. ಸರಣಿಯ ಒಂದು, ಎರಡು, ಐದು, ಏಳನೇ ಪಂದ್ಯ ಮುಂದಿರುವ ತಂಡದ ಊರಲ್ಲಿ ನಡೆಯುತ್ತವೆ. ಜನ ಕೂಗುತ್ತಾರೆ ಅನ್ನುವುದಷ್ಟೇ ಅಲ್ಲ. ಆಟ ನಿಂತಾಗ ಎರಡೂ ಕಡೆಯವರು ಆಟಗಾರರನ್ನು ಬದಲಿಸುತ್ತಾರಲ್ಲ, ಆಗ ಮೊದಲು ಬದಲಿಸಬೇಕಾದವರು ಹೊರಗಿನಿಂದ ಬಂದವರು. ಅವರು ಯಾರನ್ನು ಇಳಿಸಿದರು ಎಂದು ನೋಡಿಕೊಂಡು ತವರಿನ ಕೋಚ್ ತನ್ನವರನ್ನು ಇಳಿಸುತ್ತಾನೆ. ಮುಂದಿನ ಸಲ ಬೆಂಚಿನ ಕಡೆ ಕಣ್ಣಿಟ್ಟು ನೋಡಿ, ಸೊಗಸಾಗಿ ಕಾಣುತ್ತದೆ.

ಅಷ್ಟೇನಾ ಅಂತ ನೀವು ಕೇಳಬಹುದು. ಇಲ್ಲಿ ಕಪ್ಪಿನ ಕತೆ ಹೇಳಲೇಬೇಕು. ಸ್ಟ್ಯಾನ್ಲಿ ಕಪ್ ಈ ಲೀಗಿಗಿಂತ ಹಳೆಯದು. ಕೆನಡಾದ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಸ್ಟ್ಯಾನ್ಲಿ 1892ರಲ್ಲಿ ಕೊಟ್ಟ ಬೆಳ್ಳಿ ಬಟ್ಟಲು ಅದು. ಎನ್‌ಎಚ್‌ಎಲ್ ಹುಟ್ಟಿದ್ದು 1917ರಲ್ಲಿ. ಶುರುವಿನಲ್ಲಿ ಅದು ಸವಾಲಿನ ಕಪ್. ಗೆದ್ದು ಇಟ್ಟುಕೊಂಡವರನ್ನು ಬೇರೆ ಲೀಗಿನವರು ಬಂದು ಕೆಣಕಬಹುದಿತ್ತು. 1905ರಲ್ಲಿ ಡಾಸನ್ ಸಿಟಿಯ ತಂಡವೊಂದು ದೂರದ ಯೂಕಾನ್‌ನಿಂದ ಒಟ್ಟಾವಕ್ಕೆ ಬಂತು. ಹಿಮದ ದಾರಿ, ಹಡಗು, ರೈಲು ಅಂತ ಸುಮಾರು 6,400 ಕಿಲೋಮೀಟರ್, ಮೂರು ವಾರಕ್ಕೂ ಜಾಸ್ತಿ ಪ್ರಯಾಣ. ಮೊದಲ ಪಂದ್ಯ 9-2ರಿಂದ ಸೋತರು. ಎರಡನೆಯದನ್ನು 23-2ರಿಂದ. ಒಟ್ಟಾವದ ಫ್ರ್ಯಾಂಕ್ ಮಗೀ ಒಬ್ಬನೇ ಆ ದಿನ 14 ಗೋಲು ಹೊಡೆದ. ಅಷ್ಟು ದೂರ ಬಂದ ಆ ಹುಡುಗರನ್ನು ನೆನೆದರೆ ನನಗೆ ಈಗಲೂ ಮನಸ್ಸು ತುಂಬಿಬರುತ್ತದೆ. ಎದುರು ಬಂದು ನಿಂತವರನ್ನು ಸೋಲಿಸಿ ಕಪ್ ಉಳಿಸಿಕೊಳ್ಳಬೇಕು ಎನ್ನುವ ಆ ಹಳೆಯ ಲೆಕ್ಕವೇ ಇವತ್ತಿಗೂ ಪ್ಲೇಆಫ್‌ನ ಒಳಗಿದೆ. ಒಬ್ಬರಾದ ಮೇಲೆ ಒಬ್ಬರಂತೆ ನಾಲ್ಕು ತಂಡ ಎದುರಿಗೆ ನಿಲ್ಲುತ್ತವೆ. ಒಟ್ಟು 16 ಪಂದ್ಯ ಗೆಲ್ಲಬೇಕು.

ಆಟದ ನಿಯಮವೂ ಅಲ್ಲಿ ಬೇರೆ. ಸೀಸನ್‌ನಲ್ಲಿ ಸಮ ಆದರೆ ಐದು ನಿಮಿಷ ಮೂರು-ಮೂರು ಆಟಗಾರರ ಓವರ್‌ಟೈಮ್, ಆಮೇಲೆ ಶೂಟೌಟ್. ಬೇಗ ಮುಗಿಸಿ ಮುಂದಿನ ಊರಿಗೆ ಹೊರಡಬೇಕಲ್ಲ. ಪ್ಲೇಆಫ್‌ನಲ್ಲಿ ಶೂಟೌಟ್ ಇಲ್ಲವೇ ಇಲ್ಲ. ಐದು-ಐದು ಆಟಗಾರರೇ 20 ನಿಮಿಷದ ಅವಧಿಗಳನ್ನು ಆಡುತ್ತಾ ಹೋಗಬೇಕು, ಯಾರಾದರೂ ಒಂದು ಗೋಲು ಹೊಡೆಯುವ ತನಕ. 1936ರ ಮಾರ್ಚ್ 24ರ ರಾತ್ರಿ ಮಾಂಟ್ರಿಯಲ್‌ನಲ್ಲಿ ಡೆಟ್ರಾಯಿಟ್ ಮತ್ತು ಮರೂನ್ಸ್ ತಂಡ ಹೀಗೆ ಆರನೇ ಓವರ್‌ಟೈಮ್ ತನಕ ಆಡಿದವು. ಓವರ್‌ಟೈಮೇ 116 ನಿಮಿಷ ದಾಟಿತು. ರಾತ್ರಿ ಎರಡು ಗಂಟೆ ಕಳೆದ ಮೇಲೆ ಡೆಟ್ರಾಯಿಟ್‌ನ 21 ವರ್ಷದ ಮಡ್ ಬ್ರೂನೆಟೊ ಆ ಪಂದ್ಯದ ಏಕೈಕ ಗೋಲು ಹೊಡೆದ. ಆ ದಾಖಲೆ ಇನ್ನೂ ಮುರಿದಿಲ್ಲ.

ಹಾಗಾದರೆ ಇದು ನ್ಯಾಯವೇ? ನನ್ನ ಮಟ್ಟಿಗೆ ಹೌದು. 82 ಪಂದ್ಯ ಯಾವ ತಂಡ ಗಟ್ಟಿ ಎಂದು ತೋರಿಸುತ್ತವೆ. ದಣಿದಾಗ, ಪೆಟ್ಟು ಬಿದ್ದಾಗ, ಎದುರಾಳಿಗೆ ನಿಮ್ಮ ಗುಟ್ಟೆಲ್ಲ ಗೊತ್ತಿದ್ದಾಗಲೂ ಗೆಲ್ಲುವವರು ಯಾರು ಎಂದು ಪ್ಲೇಆಫ್ ಕೇಳುತ್ತದೆ. ಒಂದು ತಕರಾರು ಮಾತ್ರ ನನಗಿದೆ. ಮೊದಲು ಬಂದವರಿಗೆ ಸಿಗುವ ಲಾಭ ಸಾಲದು. ಐಪಿಎಲ್‌ನಲ್ಲಿ ಮೊದಲ ಎರಡು ಸ್ಥಾನದವರು ಒಂದು ಪಂದ್ಯ ಸೋತರೂ ಇನ್ನೊಂದು ಅವಕಾಶ ಇರುತ್ತದಲ್ಲ, ಆ ಥರದ್ದು ಇಲ್ಲಿಲ್ಲ. ಅಲ್ಲೂ ಅಗ್ರಸ್ಥಾನಕ್ಕೆ ಖಾತರಿ ಏನಿಲ್ಲ ಅನ್ನಿ. 2025ರಲ್ಲಿ ಪಟ್ಟಿಯ ಮೇಲೆ ನಿಂತಿದ್ದು ಪಂಜಾಬ್, ಎರಡನೆಯವರಾಗಿದ್ದ ಆರ್‌ಸಿಬಿ ಕಪ್ ಎತ್ತಿದ್ದು. ಆ ರಾತ್ರಿ ಬೆಂಗಳೂರಲ್ಲಿ ಯಾರೂ ಪಾಯಿಂಟ್ಸ್ ಪಟ್ಟಿ ತೆಗೆದು ನೋಡಲಿಲ್ಲ, ಅಲ್ವಾ?

ಮುಂದಿನ ಸಲ ಮಗಳ ಮನೆಗೆ ಹೋದಾಗ ಒಂದು ಕೆಲಸ ಮಾಡಿ. ಏಪ್ರಿಲ್ ಮೊದಲ ವಾರ ಪಟ್ಟಿಯ ತುದಿ ಬಿಟ್ಟು ವೈಲ್ಡ್‌ಕಾರ್ಡ್ ಗೆರೆಯ ಆಚೀಚೆ ಇರುವ ನಾಲ್ಕು ತಂಡಗಳನ್ನು ಹಿಡಿದುಕೊಳ್ಳಿ. ಅವರ ಪಂದ್ಯ ನೋಡಿ. ಆಮೇಲೆ ಯಾವುದಾದರೂ ಸರಣಿ ಏಳನೇ ಪಂದ್ಯಕ್ಕೆ ಹೋದರೆ ಊಟ ಮುಂಚೆಯೇ ಮುಗಿಸಿಕೊಂಡು ಕೂತುಕೊಳ್ಳಿ. ಪಂದ್ಯ ಮುಗಿದ ತಕ್ಷಣ ಟಿವಿ ಆರಿಸಬೇಡಿ. ಎರಡೂ ತಂಡದವರು ಐಸ್ ಮೇಲೆ ಸಾಲಾಗಿ ನಿಂತು ಒಬ್ಬೊಬ್ಬರಿಗೂ ಕೈಕುಲುಕುತ್ತಾರೆ. ಎರಡು ವಾರ ಒಬ್ಬರನ್ನೊಬ್ಬರು ಗೋಡೆಗೆ ಅಪ್ಪಳಿಸಿದವರು ಇವರೇ. ಬಾಸ್ಟನ್‌ನಲ್ಲಿ ಆ ಏಪ್ರಿಲ್ 30ರಂದೂ ಹಾಗೇ ಸಾಲು ನಿಂತಿತ್ತು. ಸೋತವರ ಸಾಲಿನಲ್ಲಿ ಬಾಸ್ಟನ್‌ನ ನಾಯಕ ಪ್ಯಾಟ್ರಿಸ್ ಬರ್ಜರಾನ್ ಇದ್ದ. ಬೆನ್ನು ನೋವಿನಿಂದ ಸರಣಿಯ ಮೊದಲ ನಾಲ್ಕು ಪಂದ್ಯ ಆಡಲಾಗದೆ, ಐದನೆಯದಕ್ಕೆ ಮರಳಿದ್ದವನು. ಅದೇ ತಂಡದಲ್ಲಿ 19 ಸೀಸನ್ ಆಡಿದ್ದವನು. ಎಲ್ಲರ ಕೈಕುಲುಕಿ ಒಳಗೆ ಹೋದ. ಜುಲೈನಲ್ಲಿ ನಿವೃತ್ತಿ ಹೇಳಿದ.